ಪಾತ್ರೆ ತೊಳೆದ ಗುರು

ಸಭಾಪಾಲಕರನ್ನು ನಾವು ಅಳೆಯುವುದು ಹೆಚ್ಚಾಗಿ ಅವರ ಪ್ರಸಂಗದಿಂದ. ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬೋನ್‌ಹೋಫರ್ ತಮ್ಮ ಶಿಷ್ಯರನ್ನು ಅಳೆದದ್ದು ಬೇರೆ ರೀತಿಯಲ್ಲಿ.

1935ರ ಏಪ್ರಿಲ್‌ನಲ್ಲಿ ಬಾಲ್ಟಿಕ್ ಕಡಲ ತೀರದ ತ್ಸಿಂಗ್‌ಸ್ಟ್‌ನಲ್ಲಿ ಒಂದು ಸೆಮಿನರಿ ಶುರುವಾಯಿತು. ಹಿಟ್ಲರನ ಪ್ರಭುತ್ವ ಚರ್ಚಿನೊಳಗೆ ಕೈಹಾಕುವುದನ್ನು ಒಪ್ಪದ ಕ್ರೈಸ್ತರು ತಮ್ಮ ಭಾವೀ ಸಭಾಪಾಲಕರಿಗಾಗಿ ಕಟ್ಟಿಕೊಂಡ ಶಾಲೆ ಅದು. ಬೋನ್‌ಹೋಫರ್ ಅದರ ಮುಖ್ಯಸ್ಥರು, ವಯಸ್ಸು ಇಪ್ಪತ್ತೊಂಬತ್ತು. ಆರಂಭದ ದಿನಗಳಲ್ಲೇ ಒಮ್ಮೆ, ಪಾತ್ರೆ ತೊಳೆಯಲು ಯಾರಾದರೂ ಬನ್ನಿ ಎಂದು ಅಡುಗೆಮನೆಯಿಂದ ಕರೆ ಬಂತು. ಯಾರೂ ಏಳಲಿಲ್ಲ. ಗುರುಗಳೇ ಎದ್ದು ಒಳಹೋದರು. ನಾಚಿ ಹಿಂದೆಯೇ ಓಡಿಬಂದವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಮೇಲೆ ಉಪದೇಶವನ್ನೂ ಮಾಡಲಿಲ್ಲ.

ಕೆಲವೇ ವಾರಗಳಲ್ಲಿ ಫಿಂಕೆನ್‌ವಾಲ್ಡೆಗೆ ಹೋದ ಆ ಶಾಲೆಯಲ್ಲಿ ದಿನವೂ ಬೆಳಿಗ್ಗೆ ಅರ್ಧ ಗಂಟೆ ಮೌನಧ್ಯಾನ. ವಾರವಿಡೀ ಧ್ಯಾನಕ್ಕೆ ಒಂದೇ ವೇದಭಾಗ. ಇನ್ನೊಂದು ನಿಯಮ ಇದಕ್ಕಿಂತ ಕಷ್ಟದ್ದು: ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಕೂಡದು, ಬಾಯಿ ತಪ್ಪಿ ಆಡಿದರೆ ಹೋಗಿ ಅವನಿಗೇ ತಿಳಿಸಬೇಕು. ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಲಾಗದವನ ಕೈಗೆ ಸುವಾರ್ತೆಯನ್ನು ಒಪ್ಪಿಸುವುದು ಹೇಗೆ?

1937ರಲ್ಲಿ ಶಿಷ್ಯತ್ವ ಕುರಿತ ಅವರ ಪುಸ್ತಕ ಬಂತು. ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು, ಶಿಲುಬೆಯಿಲ್ಲದ ಭಕ್ತಿಯನ್ನು ಅವರು ಅಗ್ಗದ ಕೃಪೆ ಎಂದು ಕರೆದರು. ಕೃಪೆ ಉಚಿತವೇ ಹೌದು. ಆದರೆ ಅದನ್ನು ಪಡೆದವನು ಮೊದಲಿನಂತೆಯೇ ಬದುಕಲಾರ ಎಂಬುದು ಅವರ ವಾದದ ತಿರುಳು. ಅದೇ ವರ್ಷ ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಸೆಮಿನರಿಯನ್ನು ಮುಚ್ಚಿಸಿತು. ಅಲ್ಲಿ ಕಲಿತ ಹಲವರು ಜೈಲು ಸೇರಿದರು.

1939ರಲ್ಲಿ ಗೆಳೆಯರು ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಅಲ್ಲಿ ಕೆಲಸವಿತ್ತು, ಪ್ರಾಣಭಯವಿರಲಿಲ್ಲ. ಆದರೂ ಕೆಲವೇ ವಾರಗಳಲ್ಲಿ ಹಿಂತಿರುಗಿದರು. ತನ್ನ ಜನರ ಸಂಕಟದಲ್ಲಿ ಪಾಲು ಪಡೆಯದವನಿಗೆ ಯುದ್ಧದ ನಂತರ ಅವರ ನಡುವೆ ನಿಂತು ಸೇವೆ ಮಾಡುವ ಹಕ್ಕಿಲ್ಲ ಎಂದು ಅವರು ನಂಬಿದ್ದರು. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಭಾಗಿಯಾದರು, 1943ರಲ್ಲಿ ಬಂಧಿತರಾದರು. 1945ರ ಏಪ್ರಿಲ್ 8ರ ಭಾನುವಾರ ಜೊತೆಗಿದ್ದ ಕೈದಿಗಳಿಗಾಗಿ ಆರಾಧನೆ ನಡೆಸಿದರು. ಮರುದಿನ ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಗಲ್ಲುಗಂಬವನ್ನಷ್ಟೇ ನೆನೆದು ಅವರನ್ನು ಹುತಾತ್ಮರೆಂದು ಕೈಮುಗಿಯುವುದು ಸುಲಭ; ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಆದರೆ ಆ ಸಾವಿಗೆ ಬೇಕಾದ ಧೈರ್ಯ ಒಂದೇ ದಿನದಲ್ಲಿ ಬಂದದ್ದಲ್ಲ. ಯಾರೂ ಹೊಗಳದ ಕೆಲಸಗಳಲ್ಲಿ, ತಡೆದುಕೊಂಡ ಮಾತುಗಳಲ್ಲಿ ಅದು ದಿನದಿನವೂ ಕೂಡಿಬಂದದ್ದು. ದೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರಿಗೆ ನಮ್ಮ ಸಭೆಗಳು ದೈವಶಾಸ್ತ್ರವನ್ನು ಕಲಿಸಲಿ, ಪ್ರಸಂಗವನ್ನೂ ಕಲಿಸಲಿ. ಜೊತೆಗೆ ಇದನ್ನೂ ಕೇಳಲಿ: ಕ್ರಿಸ್ತನ ಹಿಂದೆ ನಡೆಯಲು ಈ ವರ್ಷ ನೀವು ಬಿಟ್ಟುಕೊಟ್ಟದ್ದೇನು? ಆ ಪ್ರಶ್ನೆಯನ್ನು ಕೇಳುವ ಹಿರಿಯರು ಮೊದಲು ತಾವೇ ಉತ್ತರಿಸಲಿ.