ತಾಯಿ ಕಾರ್ಡನ್ನು ಬೀರುವಿನಲ್ಲಿ ಇಡಬೇಡಿ

(ಬಸುರಿಯರಿರುವ ಮನೆಯವರಿಗೆ, ಊರಿನ ಡಾಕ್ಟರಿಗೆ, ದೊಡ್ಡಾಸ್ಪತ್ರೆಯವರಿಗೆ. ಓದಿ, ಓದಿಸಿ, ಪಕ್ಕದ ಮನೆಗೆ ಕೊಡಿ.)



ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ. ಸೀರೆ, ಬಳೆ, ಮಡಿಲಕ್ಕಿ ಎಲ್ಲವೂ ಜೊತೆಗೆ ಹೋಗುತ್ತವೆ. ಅಷ್ಟು ತಿಂಗಳು ನೋಡಿದ ಡಾಕ್ಟರು ಬರೆದ ಕಾಗದಗಳು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತವೆ. ತವರೂರಿನ ಆಸ್ಪತ್ರೆಯಲ್ಲಿ ಎಲ್ಲವೂ ಮೊದಲಿನಿಂದ: ಮತ್ತೆ ರಕ್ತಪರೀಕ್ಷೆ, ಮತ್ತೆ ಸ್ಕ್ಯಾನಿಂಗ್, ಮತ್ತೆ “ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ?”

ಊರಲ್ಲೇ ಉಳಿದವರ ಪಾಡೂ ಅಷ್ಟೇ. ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮಾಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರ, ಸ್ಕ್ಯಾನಿಂಗಿಗೆ ಪೇಟೆಯ ನರ್ಸಿಂಗ್ ಹೋಮ್, ಹೆರಿಗೆಗೆ ಜಿಲ್ಲಾಸ್ಪತ್ರೆ. ಮೂರು ಕಡೆ ನೋಡುತ್ತಾರೆ, ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಒತ್ತಾಯ ಇದು: ಬಸುರಿಯನ್ನು ಹತ್ತಿರದ ಡಾಕ್ಟರು ಮತ್ತು ಹೆರಿಗೆಯಾಗುವ ಆಸ್ಪತ್ರೆ ಮಾತಾಡಿಕೊಂಡು, ಹಂಚಿಕೊಂಡು ನೋಡಬೇಕು. ಇಬ್ಬರೂ ಒಂದೇ ಕಾರ್ಡಿನಲ್ಲಿ ಬರೆಯಬೇಕು.

ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ತಾಯಿ ಕಾರ್ಡ್ ಇದೆ. ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಇದ್ದಾರೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಗರ್ಭಿಣಿಯರನ್ನು ಉಚಿತವಾಗಿ ನೋಡುವ ಏರ್ಪಾಡು 2016ರಿಂದ ಇದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಹಂಚಿಕೊಂಡು ನೋಡುವುದು ಎಷ್ಟೋ ವರ್ಷಗಳ ರೂಢಿ. ಹೆಚ್ಚಿನ ತಪಾಸಣೆ ಬಡಾವಣೆಯ ಡಾಕ್ಟರ ಬಳಿ, ಗೊತ್ತುಪಡಿಸಿದ ಕೆಲವು ಮಾತ್ರ ಆಸ್ಪತ್ರೆಯಲ್ಲಿ. ನಮ್ಮಲ್ಲಿ ಕೊರತೆಯಾಗಿರುವುದು ಊರಿನ ಡಾಕ್ಟರು ಮತ್ತು ಆಸ್ಪತ್ರೆಯ ನಡುವಿನ ಮಾತು.

“ಆಸ್ಪತ್ರೆಗೆ ಹೋದರೆ ಸಾಕು, ಎಲ್ಲ ಸರಿಹೋಗುತ್ತದೆ” ಎಂದು ಒಂದು ಕಾಲದಲ್ಲಿ ಮನೆಮನೆಗೆ ಹೇಳಿದೆವು. ಜನ ಕೇಳಿದರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೂ 2018–20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮ ರಾಜ್ಯದಲ್ಲಿ 69 ತಾಯಂದಿರ ಸಾವು. ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಆಸ್ಪತ್ರೆಯ ಬಾಗಿಲು ತಲುಪಿದರೆ ಸಾಲದು, ತಲುಪಿದಾಗ ಒಳಗಿದ್ದವರಿಗೆ ಹಿಂದಿನ ತಿಂಗಳುಗಳ ಕತೆ ಗೊತ್ತಿರಬೇಕು.

ಬಿ.ಪಿ.ಯ ವಿಷಯವನ್ನೇ ತೆಗೆದುಕೊಳ್ಳಿ. ಒಬ್ಬಾಕೆಗೆ ಮೂರನೇ ತಿಂಗಳಲ್ಲಿ 104/66 ಇತ್ತೆನ್ನಿ. ಎಂಟನೇ ತಿಂಗಳಲ್ಲಿ 136/86. ಅವತ್ತೇ ಮೊದಲ ಸಲ ನೋಡುವ ಡಾಕ್ಟರಿಗೆ ಇದರಲ್ಲಿ ಗಾಬರಿಪಡುವಂಥದ್ದು ಕಾಣುವುದಿಲ್ಲ. ಅಪಾಯದ ಗೆರೆ 140/90. “ಚೆನ್ನಾಗಿದೆ, ತಿಂಗಳು ಬಿಟ್ಟು ಬನ್ನಿ” ಎಂದು ಕಳಿಸುತ್ತಾರೆ. ಹಳೆಯ ಪುಟ ಕಣ್ಣೆದುರಿಗಿದ್ದ ಡಾಕ್ಟರು ಹಾಗೆ ಕಳಿಸಲಾರರು. ಗೆರೆ ದಾಟಿಲ್ಲ ನಿಜ, ಆದರೆ ಏರುತ್ತಿದೆ. ಮೂತ್ರ ಪರೀಕ್ಷಿಸಿ, ಕಾಲು ಊದಿದೆಯೇ, ತಲೆನೋವಿದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಕೇಳಿ, ನಾಲ್ಕೈದು ದಿನದೊಳಗೆ ಮತ್ತೆ ಬರಹೇಳುತ್ತಾರೆ. ಆ ನಾಲ್ಕೈದು ದಿನಕ್ಕೊಮ್ಮೆಯ ಬಿ.ಪಿ.ಗಾಗಿ ತುಂಬು ಬಸುರಿಯನ್ನು ಬಸ್ಸಿನಲ್ಲಿ ಅಲುಗಿಸಿಕೊಂಡು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಲ್ಲಿಸಬೇಕೆ? ಊರಿನ ಕೇಂದ್ರದಲ್ಲಿ ಅದು ಐದು ನಿಮಿಷದ ಕೆಲಸ. ಏರಿದರೆ ಯಾವ ಆಸ್ಪತ್ರೆಗೆ, ಯಾರ ಹತ್ತಿರ ಕಳಿಸಬೇಕೆಂಬುದು ಮಾತ್ರ ಮೊದಲೇ ತೀರ್ಮಾನವಾಗಿರಬೇಕು.

ಮಾತ್ರೆಗಳದ್ದು ಇನ್ನೊಂದು ಗೋಳು. ಆಶಾ ಕೊಟ್ಟ ಕಬ್ಬಿಣಾಂಶದ ಮಾತ್ರೆ ಒಂದು, ನರ್ಸಿಂಗ್ ಹೋಮಿನಲ್ಲಿ ಬೇರೆ ಹೆಸರಿನಲ್ಲಿ ಬರೆದುಕೊಟ್ಟ ಅದೇ ಮಾತ್ರೆ ಇನ್ನೊಂದು. ಎರಡನ್ನೂ ನುಂಗಿ ಹೊಟ್ಟೆ ಕೆಟ್ಟು, ಕೊನೆಗೆ ಎರಡನ್ನೂ ಬಿಡುತ್ತಾರೆ. ಕ್ಯಾಲ್ಸಿಯಂ ಜೊತೆಗೇ ನುಂಗಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ ಎಂದು ಹೇಳುವವರಿಲ್ಲ. ಎರಡೂ ಕಡೆಯವರು ಒಂದೇ ಕಾರ್ಡಿನಲ್ಲಿ ಬರೆದಿದ್ದರೆ ಇದು ಯಾರಿಗಾದರೂ ಕಾಣುತ್ತಿತ್ತು. ನೆಗೆಟಿವ್ ರಕ್ತದ ಗುಂಪಿನವರ ವಿಷಯದಲ್ಲಂತೂ ಒಂದು ಸಾಲು ಬರೆಯದೆ ಹೋದರೆ, ಹೆರಿಗೆಯಾದ 72 ಗಂಟೆಯೊಳಗೆ ಕೊಡಬೇಕಾದ ಆಂಟಿ-ಡಿ ಇಂಜೆಕ್ಷನ್ ತಪ್ಪಬಹುದು. ಅದರ ಪೆಟ್ಟು ಬೀಳುವುದು ಮುಂದಿನ ಮಗುವಿಗೆ.

“ಊರಿನ ಡಾಕ್ಟರಿಗೆ ಏನು ಗೊತ್ತು, ದೊಡ್ಡ ಡಾಕ್ಟರೇ ಪೂರ್ತಿ ನೋಡಲಿ” ಎನ್ನುವವರಿದ್ದಾರೆ. ಹಿಂದಿನ ಹೆರಿಗೆ ಸಿಸೇರಿಯನ್ ಆದವರು, ಅವಳಿ ಇರುವವರು, ಸಕ್ಕರೆ, ಬಿ.ಪಿ., ಹೃದಯದ ತೊಂದರೆ ಇರುವವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದವರು ತಜ್ಞರ ಕೈಯಲ್ಲೇ ಇರಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ರಕ್ತ ಹೋಗಲು ಶುರುವಾದರೆ ಹತ್ತಿರ ಸಿಗುವವರು ಊರಿನವರೇ. ಅವರಿಗೆ ಹಿನ್ನೆಲೆ ಗೊತ್ತಿಲ್ಲದಿದ್ದರೆ ನಷ್ಟ ಯಾರಿಗೆ? (ಊರಿನ ಡಾಕ್ಟರು ಎಂದರೆ ಓದಿದ, ನೋಂದಾಯಿತ ಡಾಕ್ಟರು. ಬಂದವರಿಗೆಲ್ಲ ಗ್ಲೂಕೋಸ್ ಏರಿಸುವ ಅಂಗಡಿಯವರ ಮಾತು ನಾವಾಡುತ್ತಿಲ್ಲ.)

ದೊಡ್ಡಾಸ್ಪತ್ರೆಯವರಲ್ಲಿ ನಮ್ಮ ದೂರೂ ಇದೆ, ವಿನಂತಿಯೂ ಇದೆ. ನಿಮ್ಮ ಫೈಲು ನಿಮ್ಮಲ್ಲೇ ಇರಲಿ, ತಾಯಿ ಕಾರ್ಡಿನಲ್ಲೂ ನಾಲ್ಕು ಸಾಲು ಬರೆಯಿರಿ. ಊರಿನಿಂದ ಚೀಟಿ ತಂದವಳನ್ನು “ಇಲ್ಲಿ ತೋರಿಸಿಲ್ಲವಲ್ಲ” ಎಂದು ಬೈಯಬೇಡಿ. ಊರಿನ ಡಾಕ್ಟರೇ, ನೀವೂ “ರೆಫರ್” ಎಂಬ ಒಂದೇ ಪದ ಗೀಚಿ ಸಾಗಹಾಕಬೇಡಿ. ಏಕೆ ಕಳಿಸಿದಿರಿ, ಏನು ಕೊಟ್ಟಿದ್ದೀರಿ ಎಂದು ಬರೆದು, ಆ ಕಡೆಗೊಂದು ಫೋನ್ ಮಾಡಿ. 108 ಗಾಡಿ ದಾರಿಯಲ್ಲಿರುವಾಗಲೇ ಅಲ್ಲಿ ರಕ್ತ ಹೊಂದಿಸಲು ಶುರುಮಾಡಬಹುದು.

ಹೆರಿಗೆಯಾದ ಮೇಲೂ ಹೀಗೆ ಹಂಚಿಕೊಂಡೇ ನೋಡಬೇಕು. ಬಿ.ಪಿ. ಬಾಣಂತಿಗೂ ಏರಬಹುದು, ನಂಜು ಮನೆಗೆ ಬಂದ ಮೇಲೂ ಕಾಣಿಸಿಕೊಳ್ಳಬಹುದು. ಆಶಾ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಏನಿದೆಯೆಂದು ಆಕೆಗೆ ತೋರಿಸಿ, ಊರಿನ ಡಾಕ್ಟರಿಗೆ ಒಂದು ಪ್ರತಿ ಕೊಡಿ.

ತವರಿಗೆ ಹೊರಟವರು ಮಡಿಲಕ್ಕಿಯ ಜೊತೆಗೇ ಕಾರ್ಡು, ಸ್ಕ್ಯಾನಿಂಗ್ ವರದಿ, ನುಂಗುತ್ತಿರುವ ಮಾತ್ರೆಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ತಲುಪಿದ ವಾರದೊಳಗೆ ಅಲ್ಲಿನ ಆಶಾಗೆ ತಿಳಿಸಿ. ಎಲ್ಲಿದ್ದರೂ ಸರಿ, ಮುಂದಿನ 9ನೇ ತಾರೀಖು ಕಾರ್ಡನ್ನು ಡಾಕ್ಟರ ಮೇಜಿನ ಮೇಲಿಟ್ಟು ಮೂರು ಮಾತು ಕೇಳಿ: ಹೆರಿಗೆ ಎಲ್ಲಿ? ಅಲ್ಲಿಯವರೆಗೆ ಯಾರಿಗೆ ತೋರಿಸಲಿ? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಲಿ? ಉತ್ತರವನ್ನು ಕಾರ್ಡಿನ ಮೇಲೆಯೇ ಬರೆಸಿಕೊಂಡು ಬನ್ನಿ.