ಜೆಫ್ ಕೂಪರ್ ಪಾಠಗಳಿಗೆ ಬೆಲೆ ಕಟ್ಟುವುದು ಹೇಗೆ?

ಪಿಸ್ತೂಲು ಹಿಡಿದು ಆತ್ಮರಕ್ಷಣೆ ಮಾಡಿಕೊಳ್ಳುವುದನ್ನು ಜನಸಾಮಾನ್ಯರಿಗೆ ಕಲಿಸುವ ಶಾಲೆಗಳು ಅಮೆರಿಕದಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಅವುಗಳ ಪಾಠದ ಬೇರು ಹುಡುಕುತ್ತಾ ಹೋದರೆ ಬಹುಪಾಲು ಸಿಗುವುದು ಜೆಫ್ ಕೂಪರ್ ಎಂಬ ಹೆಸರು. 1920ರಲ್ಲಿ ಹುಟ್ಟಿದ ಕೂಪರ್ ಎರಡನೆಯ ಮಹಾಯುದ್ಧದಲ್ಲಿ ಮರೀನ್ ಪಡೆಯ ಅಧಿಕಾರಿಯಾಗಿದ್ದವರು. 1976ರಲ್ಲಿ ಅರಿಜೋನಾದ ಪಾಲ್ಡೆನ್ ಬಳಿ ಅವರು ತೆರೆದ ತರಬೇತಿ ಶಾಲೆ ಗನ್‌ಸೈಟ್ ಎಂಬ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಅವರು ತೀರಿಕೊಂಡದ್ದು 2006ರಲ್ಲಿ. ಅಭಿಮಾನಿಗಳಿಗೆ ಅವರು ಗುರು. ಬಂದೂಕು ಸಂಸ್ಕೃತಿಯನ್ನು ದ್ವೇಷಿಸುವವರಿಗೆ ಅದರ ಪ್ರಚಾರಕ. ಈ ಎರಡು ಭಾವನೆಗಳನ್ನೂ ಪಕ್ಕಕ್ಕಿಟ್ಟು ಅವರ ಪಾಠವನ್ನೇ ನೋಡಬೇಕು.

ಇಲ್ಲಿ ಮೊದಲ ತೊಡಕೆಂದರೆ, ಈ ವಿದ್ಯೆಯ ಪರೀಕ್ಷೆಗೆ ಕೂರುವವರೇ ಕಡಿಮೆ. ಸಾವಿರಾರು ಜನ ಕಲಿಯುತ್ತಾರೆ. ನಿಜವಾದ ದಾಳಿಯನ್ನು ಎದುರಿಸುವವರು ಬೆರಳೆಣಿಕೆ. ಬದುಕಿ ಉಳಿದವರು ಗುರುವಿಗೆ ಕೃತಜ್ಞತೆಯ ಪತ್ರ ಬರೆಯುತ್ತಾರೆ, ಉಳಿಯದವರು ಬರೆಯುವುದಿಲ್ಲ. ಹಾಗಾಗಿ ಶಿಷ್ಯರ ಮೆಚ್ಚುಗೆಯ ಕಂತೆ ಎಷ್ಟೇ ದಪ್ಪವಾಗಿದ್ದರೂ ಅದನ್ನು ಸಾಕ್ಷ್ಯವೆಂದು ಪೂರ್ತಿ ನಂಬಲಾಗದು. ಶೂಟಿಂಗ್ ರೇಂಜಿನಲ್ಲಿ ಕಾಗದದ ಗುರಿಯನ್ನು ಸೀಳುವ ಕೈ ಬೀದಿಯಲ್ಲಿ ಅಷ್ಟೇ ಸ್ಥಿರವಾಗಿರುತ್ತದೆ ಎನ್ನುವಂತೆಯೂ ಇಲ್ಲ. ನ್ಯೂಯಾರ್ಕ್ ಪೊಲೀಸರ ಗುಂಡಿನ ಪ್ರಕರಣಗಳನ್ನು ರ‍್ಯಾಂಡ್ ಸಂಸ್ಥೆ ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ. 18ರಷ್ಟು, ಎದುರಾಳಿ ಗುಂಡು ಹಾರಿಸದಿದ್ದಾಗಲೂ ಶೇ. 30ರ ಆಸುಪಾಸು. ಸಂಬಳ ಪಡೆದು ಅಭ್ಯಾಸ ಮಾಡುವವರ ಕಥೆಯೇ ಹೀಗಿದ್ದರೆ, ವಾರಾಂತ್ಯದ ಶಿಬಿರ ಮುಗಿಸಿ ಬಂದವರಲ್ಲಿ ಹುಟ್ಟುವ ಧೈರ್ಯವನ್ನು ಎಷ್ಟು ನೆಚ್ಚಬಹುದು?

ಹಾಗೆಂದು ಎಲ್ಲವೂ ಅಳತೆಗೆ ಸಿಗದ ಮಾತಲ್ಲ. ಕೂಪರ್ ಕಲಿಸಿದ್ದರಲ್ಲಿ ಒಂದು ಭಾಗವನ್ನು ಗಡಿಯಾರ ಮತ್ತು ಗುರಿಫಲಕ ಹಿಡಿದು ಅಳೆಯಬಹುದು. ಅಳೆಯಬೇಕೆಂದು ಹಟ ಹಿಡಿದವರೇ ಅವರು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್‌ನಲ್ಲಿ ಅವರು ಪಿಸ್ತೂಲು ಸ್ಪರ್ಧೆಗಳನ್ನು ಏರ್ಪಡಿಸುತ್ತಿದ್ದರು. ಅಲ್ಲಿ ಹಲವರು ಸಿನಿಮಾ ಕೌಬಾಯ್‌ಗಳಂತೆ ಒಂದೇ ಕೈಯಲ್ಲಿ, ಸೊಂಟದ ಮಟ್ಟದಿಂದ ಗುಂಡು ಹಾರಿಸುತ್ತಿದ್ದರು. ಲಾಸ್ ಏಂಜಲೀಸ್ ಕೌಂಟಿಯ ಪೊಲೀಸ್ ಜ್ಯಾಕ್ ವೀವರ್ ಮಾತ್ರ ಎರಡೂ ಕೈಯಲ್ಲಿ ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿ ನೋಡಿ ಹಾರಿಸಿದರು, ಗೆದ್ದರು. ಕೂಪರ್ ಸೋತವರ ಜೊತೆ ನಿಂತು ಸಬೂಬು ಹೇಳಲಿಲ್ಲ. ವೀವರ್ ಕ್ರಮವನ್ನೇ ಕೈಗೆತ್ತಿಕೊಂಡು ಪಾಠವಾಗಿಸಿದರು. ಮುಂದೆ 1976ರಲ್ಲಿ ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟ ಹುಟ್ಟಿದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. 1980ರ ದಶಕದಲ್ಲಿ ಅದೇ ಸ್ಪರ್ಧೆಗಳಲ್ಲಿ ರಾಬ್ ಲೇಥಮ್, ಬ್ರಯನ್ ಈನಾಸ್ ಮುಂತಾದವರು ಎರಡೂ ತೋಳುಗಳನ್ನು ನೇರ ಚಾಚುವ ಬೇರೊಂದು ನಿಲುವಿನಿಂದ ಗೆಲ್ಲತೊಡಗಿದರು. ಈಗ ಹೆಚ್ಚು ಕಡೆ ಕಲಿಸುವುದು ಅದನ್ನೇ. ವೀವರ್ ನಿಲುವನ್ನೇ ವೇದವಾಕ್ಯವೆಂದು ಹಿಡಿದು ಕೂತ ಶಿಷ್ಯರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಸೋಲಿಸಬಲ್ಲ ಪರೀಕ್ಷೆಗೆ ತನ್ನ ಮಾತನ್ನು ಒಡ್ಡಿದ್ದೇ ಆ ಗುರುವಿನ ದೊಡ್ಡತನ.

ಅವರ ಬಣ್ಣಗಳ ಪಾಠ ಇಷ್ಟು ಸರಳವಾಗಿಲ್ಲ. ಬಿಳಿ, ಹಳದಿ, ಕಿತ್ತಳೆ, ಕೆಂಪು ಎಂದು ಅವರು ಮನಸ್ಸಿನ ನಾಲ್ಕು ಸ್ಥಿತಿಗಳನ್ನು ಹೇಳಿದರು. ಏನನ್ನೂ ಗಮನಿಸದ ಮೈಮರೆವು ಬಿಳಿ. ಸುತ್ತಲಿನ ಅರಿವಿರುವ ನಿರಾಳ ಎಚ್ಚರ ಹಳದಿ. ನಿರ್ದಿಷ್ಟ ಅನುಮಾನ ಕಿತ್ತಳೆ. ಹೋರಾಟಕ್ಕೆ ಮನಸ್ಸು ಸಿದ್ಧವಾದದ್ದು ಕೆಂಪು. ಇವು ಅಪಾಯದ ಮಟ್ಟಗಳೆಂದು ಹಲವರು ತಿಳಿದಿದ್ದಾರೆ. ಕೂಪರ್ ಹೇಳಿದ್ದು ಮನಸ್ಸಿನ ಸಿದ್ಧತೆಯನ್ನು. ಮೊಬೈಲಿನಲ್ಲಿ ಮುಳುಗಿ ರಸ್ತೆ ದಾಟುವವರಿಗೆ ಹಳದಿಯ ಪಾಠ ಖಂಡಿತ ಬೇಕು. ಆದರೆ ಸೊಂಟದಲ್ಲಿ ಪಿಸ್ತೂಲಿರುವ ಮನುಷ್ಯನ ಎಚ್ಚರ ಯಾವಾಗ ಶಂಕೆಯಾಗುತ್ತದೆ, ಶಂಕೆ ಯಾವಾಗ ಗುಂಡಾಗುತ್ತದೆ? 2023ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆದೊಯ್ಯಲು ಬಂದ 16 ವರ್ಷದ ಹುಡುಗನೊಬ್ಬ ವಿಳಾಸ ತಪ್ಪಿ ಬೇರೊಂದು ಮನೆಯ ಗಂಟೆ ಒತ್ತಿದ. ಒಳಗಿದ್ದ ವೃದ್ಧರು ಗುಂಡು ಹಾರಿಸಿದರು. ಹುಡುಗ ಹೇಗೋ ಬದುಕಿಕೊಂಡ. ಇದನ್ನು ಕೂಪರ್ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಅಪಾಯವನ್ನು ಗುರುತಿಸಲು ಹೇಳಿಕೊಡುವವರು, ಅಪಾಯವಲ್ಲದ್ದನ್ನು ಗುರುತಿಸಲೂ ಅಷ್ಟೇ ಶ್ರದ್ಧೆಯಿಂದ ಹೇಳಿಕೊಡಬೇಕು. ಕೂಪರ್ ಬರಹಗಳಲ್ಲಿ ಹೋರಾಡುವ ಛಲಕ್ಕೆ ಸಿಕ್ಕ ಜಾಗ ಇದಕ್ಕೆ ಸಿಕ್ಕಿಲ್ಲ. ಗುಂಡು ಹಾರಿದ ಮೇಲಿನ ಕಾನೂನಿನ ಹೊಣೆಯನ್ನು ಪಾಠದ ನಡುಮನೆಗೆ ತಂದವರು ಇನ್ನೊಬ್ಬ ತರಬೇತುದಾರ ಮಸಾದ್ ಅಯೂಬ್. ಆ ಬಗ್ಗೆ ಅವರ ಪುಸ್ತಕ ಬಂದದ್ದು 1980ರಲ್ಲಿ.

ಕೂಪರ್ ಹೆಸರು ಉಳಿಯಬೇಕಾದದ್ದು ಸುರಕ್ಷತೆಯ ನಾಲ್ಕು ನಿಯಮಗಳಿಗಾಗಿ ಎಂದು ನನ್ನ ಖಚಿತ ಅಭಿಪ್ರಾಯ. ಪ್ರತಿ ಬಂದೂಕಿನಲ್ಲೂ ಗುಂಡಿದೆಯೆಂದೇ ತಿಳಿ. ನಾಶವಾದರೂ ಸರಿ ಎನ್ನಲಾಗದ ಯಾವುದರ ಕಡೆಗೂ ನಳಿಕೆ ತಿರುಗಿಸಬೇಡ. ಗುರಿ ಕೂಡುವತನಕ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತ ಮಾಡಿಕೋ. ಒಂದನ್ನು ಮರೆತರೂ ಇನ್ನೊಂದು ಜೀವ ಉಳಿಸುವಂತೆ ಇವು ಹೆಣೆದುಕೊಂಡಿವೆ: ಖಾಲಿ ಎಂದುಕೊಂಡ ಬಂದೂಕು ಅಕಸ್ಮಾತ್ ಸಿಡಿದರೂ ನಳಿಕೆ ನೆಲದ ಕಡೆಗಿದ್ದರೆ ಯಾರೂ ಸಾಯುವುದಿಲ್ಲ. ಇವು ನಮ್ಮ ನೆಲಕ್ಕೂ ಸಲ್ಲುವ ಮಾತು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಇದೆ. ಇತ್ತ ಮಲೆನಾಡಿನಿಂದ, ಕಳ್ಳಬೇಟೆಗೆ ಹೋದವರು ಪೊದೆ ಅಲುಗಾಡಿದ್ದನ್ನು ಕಂಡು ಹಂದಿಯೆಂದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಆಗಾಗ ಬರುತ್ತದೆ. ನಾಲ್ಕನೆಯ ನಿಯಮ ಮುರಿದಾಗ ಆಗುವುದು ಇದೇ.

ಆದರೆ ಈ ನಿಯಮಗಳೂ ಬಂದೂಕು ಕೈಯಲ್ಲಿರುವ ಹೊತ್ತಿಗಷ್ಟೇ ಅನ್ವಯಿಸುತ್ತವೆ. ಮನೆಗೆ ತಂದ ಪಿಸ್ತೂಲು ವರ್ಷದ ಹೆಚ್ಚು ದಿನ ಯಾರ ಕೈಯಲ್ಲೂ ಇರದೆ ಮೇಜಿನ ಡ್ರಾಯರ್‌ನಲ್ಲೋ ಹಾಸಿಗೆಯ ಪಕ್ಕದಲ್ಲೋ ಇರುತ್ತದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಮನೆಯೊಳಗೇ ಇರುವ ನೊಂದ ಜೀವದ ಎದುರು ವೀವರ್ ನಿಲುವಾಗಲಿ ಕೆಂಪು ಬಣ್ಣವಾಗಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ಗಟ್ಟಿ ಬೀಗ, ಬೇರೆಡೆ ಇಟ್ಟ ಗುಂಡುಗಳು, ಮನೆಯಲ್ಲಿ ಯಾರಾದರೂ ಕುಗ್ಗಿಹೋಗಿದ್ದರೆ ಆಯುಧವನ್ನು ಕೆಲಕಾಲ ಹೊರಗೆ ಸಾಗಿಸುವ ವಿವೇಕ. ಡಲ್ಲಾಸಿನಲ್ಲೋ ಫೀನಿಕ್ಸಿನಲ್ಲೋ ನೆಲೆಸಿದ ಮಗ ಪಿಸ್ತೂಲು ಕೊಂಡು ಹೆಸರಾಂತ ಗುರುವಿನ ಬಳಿ ಕಲಿಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದರೆ, ಆ ಗುರು ಎಷ್ಟು ಯುದ್ಧ ಕಂಡವರು ಎಂದು ಇಲ್ಲಿನ ಅಪ್ಪ ಅಮ್ಮ ಕೇಳಬೇಕಿಲ್ಲ. ಬಾಗಿಲು ತಟ್ಟಿದವರು ಯಾರೆಂದು ನೋಡುವುದನ್ನು, ಗುಂಡು ಹಾರಿಸದೆ ಹಿಂದೆ ಸರಿಯುವುದನ್ನು, ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡುವುದನ್ನು ಅವರು ಕಲಿಸಿದರೇ, ಅದಕ್ಕೆ ತರಗತಿಯಲ್ಲಿ ಎಷ್ಟು ಹೊತ್ತು ಕೊಟ್ಟರು ಎಂದು ಕೇಳಲಿ.