ಬೇರೆಯಾದ ಮನೆ, ಒಂದೇ ಕೂಸು

ವಿರಸದಿಂದ ದಂಪತಿಗಳು ಬೇರೆಯಾದಾಗ ಪಾತ್ರೆಪದಾರ್ಥಗಳು ಹಂಚಿಕೆಯಾಗುವುವು. ಮಗುವಿನ ಜ್ವರವನ್ನು ಹಂಚಿಕೊಳ್ಳುವವರಾರು? ಈಚೆಗೆ ನಮ್ಮ ಹಳೆಯ ಶಿಷ್ಯೆಯೊಬ್ಬಳು ಮಗನನ್ನು ಆಸ್ಪತ್ರೆಗೆ ಸೇರಿಸಿದಳು. ಆರೋಗ್ಯವಿಮೆಯ ಪತ್ರವು ತಂದೆಯ ಹೆಸರಿನಲ್ಲಿತ್ತು. ಆತನೋ ಆ ವರ್ಷದ ಕಂತನ್ನೇ ಕಟ್ಟಿರಲಿಲ್ಲ. ಆಕೆ ಕೈಬಳೆಗಳನ್ನು ಒತ್ತೆಯಿಟ್ಟು ಹಣ ತೆತ್ತಳು.

ವಿಚ್ಛೇದನದಿಂದ ಪತಿಪತ್ನೀಸಂಬಂಧವು ಕಳೆಯುವುದೇ ಹೊರತು ಪಿತೃತ್ವ ಮಾತೃತ್ವಗಳಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಮಕ್ಕಳ ಪೋಷಣೆಯ ಹೊಣೆಯನ್ನು ತಂದೆತಾಯಿಗಳಿಬ್ಬರ ಮೇಲೆಯೂ ಇಟ್ಟಿದೆ; ಜೀವನಾಂಶವೆಂಬಲ್ಲಿ ಅನ್ನ, ವಸ್ತ್ರ, ವಸತಿ, ವಿದ್ಯೆಗಳೊಡನೆ ವೈದ್ಯೋಪಚಾರವೂ ಅಡಗಿದೆ. 1955ರ ಹಿಂದೂ ವಿವಾಹ ಕಾಯಿದೆಯ 26ನೆಯ ಪ್ರಕರಣದಂತೆ ನ್ಯಾಯಾಲಯವು ಅಪ್ರಾಪ್ತವಯಸ್ಕರ ಪೋಷಣೆಯ ವಿಷಯದಲ್ಲಿ ಆಜ್ಞೆ ಮಾಡಬಹುದು. ತೀರ್ಪಿನ ತರುವಾಯವೂ ಅದನ್ನು ಮಾರ್ಪಡಿಸಬಹುದು.

ಆದುದರಿಂದ ಒಪ್ಪಂದವನ್ನು ಬರೆಯುವಾಗಲೇ ಕಂತನ್ನು ಕಟ್ಟುವವರಾರು, ವಿಮೆಗೆ ಮೀರಿದ ವೆಚ್ಚವನ್ನು ಕೊಡುವವರಾರು ಎಂಬುದನ್ನು ಸ್ಪಷ್ಟವಾಗಿ ಕಾಣಿಸಬೇಕು. ವಿಮಾಪತ್ರದ ನಕಲು ಮಗು ವಾಸಿಸುವ ಮನೆಯಲ್ಲಿರಲಿ. ಕಂತಿನ ರಸೀದಿ ವರ್ಷವರ್ಷವೂ ಅಲ್ಲಿಗೆ ತಲಪಲಿ. ಕೋಪವು ದೊಡ್ಡವರದು, ಕಾಯಿಲೆ ಕೂಸಿನದು. ಇವೆರಡನ್ನೂ ಬೆರಸಬಾರದೆಂದು ನಮ್ಮ ವಿನಂತಿ.